ಗಾಳಿಯ ಮೇಲೆ ನಿಂತ ಕಾರು

11 ನವೆಂಬರ್ 2008, ಮಂಗಳವಾರ

ಬೆಳಿಗ್ಗೆ ಅಂಗಳಕ್ಕೆ ಬಂದು ನೋಡಿದರೆ ಆ ಕಾರು ನೆಲಕ್ಕೆ ಹೊಟ್ಟೆ ಹಚ್ಚಿ ಮಲಗಿದೆ. ಟೈರುಗಳಲ್ಲಿ ಗಾಳಿ ಸರಿಯಾಗಿಯೇ ಇದೆ. ಆದರೆ ಟೈರಿಗೂ ಅದರ ಮೇಲಿನ ತಗಡಿಗೂ ನಡುವೆ ಬೆರಳು ತೂರಿಸುವಷ್ಟೂ ಸಂದಿಲ್ಲ. ನಾನು ಅದನ್ನು ಮುಟ್ಟಿಯೂ ಇರಲಿಲ್ಲ. ಆದರೂ ಏನೋ ಹಾಳು ಮಾಡಿದವಳ ಹಾಗೆ ಹಿಂದೆ ಸರಿದೆ.

ಇವರು ಮಲಗುವ ಕೋಣೆಯ ಕಿಟಕಿಯಿಂದಲೇ ಕೂಗಿದರು. "ಗಾಬರಿ ಆಗ್ಬೇಡ. ಸ್ಟಾರ್ಟ್ ಮಾಡಿ ಸುಮ್ನೆ ಬಿಡು. ತಾನೇ ಏಳುತ್ತೆ."

"ಏಳದಿದ್ರೆ?"

"ಏಳುತ್ತೆ ಮಾರಾಯ್ತಿ. ಅದಕ್ಕೆ ಸ್ಪ್ರಿಂಗಿಲ್ಲ, ಗಾಳಿ ಚೀಲದ ಮೇಲೆ ನಿಂತಿರೋದು. ಏರ್ ಸಸ್ಪೆನ್ಷನ್. ರಾತ್ರಿ ಸ್ವಲ್ಪ ಗಾಳಿ ಇಳಿದಿರುತ್ತೆ, ಅಷ್ಟೇ."

ಎದ್ದಿತು. ದನ ಏಳುವ ಹಾಗೆ ಮೊದಲು ಹಿಂಭಾಗ, ಆಮೇಲೆ ಮುಂಭಾಗ. ಒಳಗೆಲ್ಲೋ ಒಂದು ಪಂಪು ಗುರ್ ಎನ್ನುತ್ತಿತ್ತು. ಇವರು ಕಿಟಕಿಯಲ್ಲಿ ನಗುತ್ತಿದ್ದರು. ಆಗಸ್ಟಿನಲ್ಲಿ ನಮ್ಮ ತೋಟದ ಕಾಫಿ ಹಣ್ಣು ಸುಲಿಯುವ ಪಲ್ಪರ್ ಮನೆಯ ಪಾಚಿ ಮೆಟ್ಟಿಲಲ್ಲಿ ಜಾರಿ ಸೊಂಟ ಮುರಿದುಕೊಂಡ ಮೇಲೆ ಇವರು ಹಾಗೆ ನಕ್ಕಿದ್ದು ಇವತ್ತೇ ಇರಬೇಕು.

ಮಂಗಳೂರಿನ ಡಾಕ್ಟರು ಬೆನ್ನಿಗೆ ಆರು ಸ್ಕ್ರೂ ಹಾಕಿ ಕಳಿಸುವಾಗ ಹೇಳಿದ್ದು ಎರಡೇ ಮಾತು. ಮೂರು ತಿಂಗಳು ಕುಲುಕಾಟ ಕೂಡದು. ಆಮೇಲೆ ನಡೆದಷ್ಟೂ ಒಳ್ಳೆಯದು. ಎಡಗಾಲಿನ ನರ ಸೋತಿದೆ, ಫೆಬ್ರವರಿಯ ಹೊತ್ತಿಗೆ ಕಾಲು ಎತ್ತಿ ನಡೆಯುವುದು ರೂಢಿಯಾಗದಿದ್ದರೆ ಅದು ಹಾಗೇ ಉಳಿದುಬಿಡುತ್ತದೆ. ಇವರ ಕಿವಿಗೆ ಬಿದ್ದದ್ದು ಮೊದಲ ಮಾತು ಮಾತ್ರ. ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿಕೊಂಡೇ ಚಿಕ್ಕಮಗಳೂರಿನ ಜಯದೇವಪ್ಪ ಭಾವನಿಗೆ, ಎಂದರೆ ನನ್ನ ಅಕ್ಕನ ಗಂಡನಿಗೆ, ಫೋನು ಮಾಡಿ ಅವರ ಮೂಲಕ ಈ ಕಾರು ಕೊಂಡರು. ಹೊರದೇಶದ್ದು, ಬೆಂಗಳೂರಿನಲ್ಲಿ ಎಂಟು ವರ್ಷ ಓಡಿದ್ದು. ಅದರ ಹೆಸರಿಗೆ ನನ್ನ ನಾಲಿಗೆ ಹೊರಳುವುದಿಲ್ಲ.

ವಾರಕ್ಕೆರಡು ದಿನ, ಮಂಗಳವಾರ ಮತ್ತು ಶುಕ್ರವಾರ, ಕಳಸದಿಂದ ಚಿಕ್ಕಮಗಳೂರಿಗೆ ಫಿಸಿಯೋಥೆರಪಿಗೆ ಹೋಗಬೇಕು. ಕೊಯ್ಲಿನ ಕಾಲ, ಡ್ರೈವರ್‌ಗೆ ಜೀಪಿನಲ್ಲಿ ಆಳುಗಳನ್ನು ಸಾಗಿಸುವುದೇ ಮುಗಿಯುವುದಿಲ್ಲ. ಹಾಗಾಗಿ ನಾನು. ಲೈಸೆನ್ಸ್ ಮಾಡಿಸಿ ಹದಿನೆಂಟು ವರ್ಷವಾಯಿತು, ಓಡಿಸಿದ್ದು ಕಳಸದ ಪೇಟೆಯವರೆಗೆ. ಹೋಗಿಬರುವ ನೂರ ಎಂಬತ್ತು ಕಿಲೋಮೀಟರು ಸ್ಟೇರಿಂಗನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದೆ. ಕೈ ಇನ್ನೂ ಮುಷ್ಟಿಯಾಗಿಯೇ ಇದೆ, ಅಕ್ಷರ ನೆಟ್ಟಗೆ ಬರುತ್ತಿಲ್ಲ.

14 ನವೆಂಬರ್, ಶುಕ್ರವಾರ

ಒಪ್ಪಿಕೊಳ್ಳಬೇಕಾದದ್ದನ್ನು ಒಪ್ಪಿಕೊಳ್ಳುತ್ತೇನೆ. ಮಳೆಗಾಲ ತಿಂದುಹಾಕಿದ ಈ ರಸ್ತೆಯಲ್ಲಿ ಆ ಕಾರು ತೇಲುತ್ತದೆ. ಜಾವಳಿ ದಾಟಿದ ಮೇಲೆ ಬರುವ ಗುಂಡಿಗಳಲ್ಲಿ ಜೀಪಾದರೆ ಹಲ್ಲು ಕಟಕಟಿಸುತ್ತದೆ. ಇದರಲ್ಲಿ ಏನೋ ಆಯಿತೆಂಬ ಸುದ್ದಿ ಮಾತ್ರ ತಲುಪುತ್ತದೆ. ಇವರು ಸೀಟನ್ನು ಹಿಂದಕ್ಕೆ ಒರಗಿಸಿ ಕೊಟ್ಟಿಗೆಹಾರದವರೆಗೆ ಗೊರಕೆ ಹೊಡೆದರು.

ಆದರೆ ಇಳಿಯುವುದೇ ಇಲ್ಲ. ಥೆರಪಿಯ ರಶ್ಮಿ, ಇಪ್ಪತ್ತಾರು ಇಪ್ಪತ್ತೇಳರ ಹುಡುಗಿ, ಬಾಗಿಲಿಗೇ ಬಂದಳು. "ಅಂಕಲ್, ಇಲ್ಲಿಂದ ಒಳಗಡೆಗೆ ಇಪ್ಪತ್ತು ಹೆಜ್ಜೆ. ಬನ್ನಿ."

"ವೀಲ್‌ಚೇರ್ ಇಲ್ವೇನಮ್ಮ?"

"ಇದೆ. ನಡೆಯೋಕಾಗದೋರಿಗೆ."

ಹನ್ನೊಂದು ಹೆಜ್ಜೆ ಹಾಕಿ ಬೆಂಚಿನ ಮೇಲೆ ಕೂತರು. ಎಡಗಾಲನ್ನು ಎತ್ತುವುದಿಲ್ಲ, ಎಳೆಯುತ್ತಾರೆ. ಚಪ್ಪಲಿಯ ತುದಿ ಸವೆದುಹೋಗಿದೆ. ಬರುವಾಗ ಹೇಳಿದರು, "ಕಾರಲ್ಲಾದ್ರೆ ಎಷ್ಟೊತ್ತು ಬೇಕಾದ್ರೂ ಕೂರ್ತೀನಿ ನೋಡು. ಒಂಚೂರೂ ನೋವಿಲ್ಲ." ನೋವಿಲ್ಲದಿರುವುದೇ ಗುಣವಾಗುವುದು ಎಂದುಕೊಂಡುಬಿಟ್ಟಿದ್ದಾರೆ.

23 ನವೆಂಬರ್, ಭಾನುವಾರ

ಇವತ್ತು ಎಲ್ಲಿಗೂ ಹೋಗುವುದಿರಲಿಲ್ಲ. ಮೈಸೂರಿನಲ್ಲಿ ಎಂ.ಎ. ಮಾಡುವಾಗ ಕೊಂಡ ಕವಿತೆಯ ಪುಸ್ತಕವೊಂದನ್ನು ತೆಗೆದುಕೊಂಡು ಜಗಲಿಯಲ್ಲಿ ಕೂತೆ. ಹಾಳೆ ಹಳದಿಯಾಗಿದೆ, ಅಂಚಿನಲ್ಲಿ ನನ್ನದೇ ಪೆನ್ಸಿಲ್ ಗೀಟು. ಇಪ್ಪತ್ಮೂರರ ಹುಡುಗಿ ಯಾಕೆ ಆ ಸಾಲಿಗೆ ಗೀಟು ಹಾಕಿದ್ದಳೆಂದು ಯೋಚಿಸುತ್ತಿದ್ದೆ.

ಗುರ್.

ಯಾರೂ ಸ್ಟಾರ್ಟ್ ಮಾಡಿಲ್ಲ, ಆದರೂ ಪಂಪು. ನೋಡಿದರೆ ಇವರು ವಾಕರ್ ಹಿಡಿದು ಹೇಗೋ ಹೋಗಿ ಕಾರಿನೊಳಗೆ ಕೂತಿದ್ದಾರೆ. ಅಂಗಳದಲ್ಲಿ ನಿಂತ ಕಾರಿನಲ್ಲಿ, ಪೇಪರ್ ಓದುತ್ತ!

"ಕಾಫಿ ಇಲ್ಲಿಗೇ ತಂದುಬಿಡು ರುದ್ರಾಣಿ."

"ಊಟ?"

"ಅದನ್ನ ಆಮೇಲೆ ನೋಡೋಣ."

ಕಾಫಿ ಕೊಟ್ಟು ಬಂದೆ. ಮತ್ತೆ ಆ ಸಾಲು ಸಿಗಲಿಲ್ಲ.

2 ಡಿಸೆಂಬರ್, ಮಂಗಳವಾರ

ಜಾವಳಿಯ ಹತ್ತಿರ ಇವರ ಕಾರು ಎಡಗಡೆಗೆ ವಾಲಿತು. ಫಲಕದ ಮೇಲೆ ಕೆಂಪು ದೀಪ. ಇವರು "ಏನಿಲ್ಲ, ಹೋಗು" ಎಂದರು. ಈ ಮನುಷ್ಯನ ನಾಲಿಗೆಯ ಮೇಲೆ ಮೂವತ್ತು ವರ್ಷದಿಂದ ಆ ಎರಡು ಪದ ಸಿದ್ಧವಾಗಿ ನಿಂತಿರುತ್ತವೆ. ಒಂದು ಕಾಲು ಕುಂಟುವ ಕಾರಿನಲ್ಲಿ, ಒಂದು ಕಾಲು ಎಳೆಯುವ ಗಂಡನನ್ನು ಕೂರಿಸಿಕೊಂಡು, ಇಪ್ಪತ್ತರ ವೇಗದಲ್ಲಿ ಮೂಡಿಗೆರೆ ಸೇರಿದೆ.

ಅಲ್ಲಿ ಭೂತಯ್ಯನ ಗ್ಯಾರೇಜು. ನಲವತ್ತು ವರ್ಷದಿಂದ ಈ ಸೀಮೆಯ ಜೀಪುಗಳ ಹೊಟ್ಟೆ ಕೆಳಗೆ ಮಲಗಿ ಎದ್ದವನು. ಕಾರಿನ ಸುತ್ತ ಎರಡು ಸಲ ನಡೆದ, ಮುಟ್ಟಲಿಲ್ಲ.

"ಸಾವ್ಕಾರ್ರೆ, ಯಾರಿದನ್ನ ನಿಮ್ಮ ಕೊರಳಿಗೆ ಕಟ್ಟಿದ್ದು?"

"ನಾನೇ ಕಟ್ಕೊಂಡಿದ್ದು. ರಿಪೇರಿ ಮಾಡೋ ಹಾಗಿದ್ರೆ ಮಾಡು, ಮಂತ್ರ ಹೇಳ್ಬೇಡ."

ಬಟ್ಟೆ ಸೋಪು ಕಲಸಿದ ನೀರನ್ನು ಚಕ್ರದ ಹಿಂದೆ ಎರಚಿದ. ಒಂದು ಕಡೆ ಸಣ್ಣಗೆ ಗುಳ್ಳೆ ಎದ್ದಿತು. ನನ್ನನ್ನು ಕರೆದು ಬಗ್ಗಿಸಿ ತೋರಿಸಿದ. ಕಪ್ಪು ರಬ್ಬರಿನ ಚೀಲ, ಮಡಿಕೆ ಬಿದ್ದಲ್ಲಿ ಒಣಗಿ ಸೀಳು. "ನೋಡಿ ಅಮ್ಮಾವ್ರೆ. ಒಂದು ಹೋಗಿದೆ. ಉಳಿದ ಮೂರೂ ಇದರ ಓರಗೆಯವೇ."

"ಇದನ್ನ ತೆಗೆದು ಸ್ಪ್ರಿಂಗ್ ಹಾಕೋಕಾಗಲ್ವ?"

"ಆಗುತ್ತೆ. ಬೆಂಗಳೂರಲ್ಲಿ ಸೆಟ್ಟೇ ಸಿಗುತ್ತೆ. ಹಾಕಿದ್ರೆ ನಿಮ್ಮ ಮೊಮ್ಮಕ್ಕಳ ಮದುವೆಗೂ ಇದೇ ಗಾಡೀಲಿ ಹೋಗ್ಬಹುದು. ಆದ್ರೆ ಕುಲುಕುತ್ತೆ. ಸುಳ್ಳು ಹೇಳಲ್ಲ."

ಸೀಟಿನಲ್ಲಿ ಒರಗಿದ್ದಲ್ಲಿಂದಲೇ ಇವರು, "ಭೂತಯ್ಯ, ನನ್ನ ಬೆನ್ನಲ್ಲಿ ಆರು ಸ್ಕ್ರೂ ಇದೆ ಕಣಯ್ಯ" ಎಂದರು.

"ಗಾಡೀಲಿ ಅದಕ್ಕಿಂತ ಜಾಸ್ತಿ ಇದಾವೆ ಸಾವ್ಕಾರ್ರೆ. ಒಂದೂ ಬಿಗಿ ಇಲ್ಲ."

ನನಗೆ ನಗು ತಡೆಯಲಾಗಲಿಲ್ಲ. ಇವರು ಕಿಟಕಿಯ ಗಾಜು ಏರಿಸಿಕೊಂಡರು. ಭೂತಯ್ಯ ಸೀಳಿಗೆ ಏನೋ ಅಂಟು ಹಾಕಿ, ಪೈಪಿನ ತುದಿ ಬದಲಿಸಿ, ಹದಿನೈದು ದಿನಕ್ಕೆ ಸಾಕು ಎಂದು ಕಳಿಸಿದ. ಥೆರಪಿ ತಪ್ಪಿತು.

7 ಡಿಸೆಂಬರ್, ಭಾನುವಾರ

ಗಾಳಿಯೋ ಸ್ಪ್ರಿಂಗೋ. ಮನೆಯಲ್ಲಿ ಬೇರೆ ಮಾತೇ ಇಲ್ಲ.

ಭಾವ ಫೋನಿನಲ್ಲಿ, "ನೋಡಮ್ಮ ರುದ್ರಾಣಿ, ಅಂಥ ಗಾಡಿಗೆ ಸ್ಪ್ರಿಂಗ್ ಹಾಕೋದು ಅಂದ್ರೆ ರೇಷ್ಮೆ ಸೀರೆಗೆ ಗೋಣಿ ತೇಪೆ ಹಾಕಿದ ಹಾಗೆ. ಹೊಸ ಚೀಲ ತರಿಸಿ. ತಿಂಗಳಲ್ಲಿ ಬರುತ್ತೆ" ಎಂದರು. ತಿಂಗಳು ಎಂದರೆ ಜನವರಿ. ಕಾರಿಗೆ ಚೀಲ ಬರುವವರೆಗೆ ಕಾಲು ಕಾಯುತ್ತದೆಯೇ ಎಂದು ಕೇಳಬೇಕೆನ್ನಿಸಿತು. ಅಕ್ಕ ಪಕ್ಕದಲ್ಲಿರುತ್ತಾಳೆ, ಕೇಳಲಿಲ್ಲ.

ನಾನೇ ಕೂತು ಯೋಚಿಸಿದೆ. ಗಾಳಿಯಾದರೆ ಇವರಿಗೆ ಕುಲುಕಾಟವಿಲ್ಲ, ಥೆರಪಿಗೆ ಹೋಗಲು ತಕರಾರು ಮಾಡುವುದಿಲ್ಲ. ಆದರೆ ಅದು ಎಲ್ಲಿ ಯಾವಾಗ ಕೂತುಬಿಡುತ್ತದೋ ಹೇಳಲಾಗದು. ಘಾಟಿಯ ತಿರುವಿನಲ್ಲಿ ಕೂತರೆ ಇವರನ್ನು ಹೊತ್ತುಕೊಂಡು ನಾನು ಎಲ್ಲಿಗೆ ಹೋಗಲಿ? ಸ್ಪ್ರಿಂಗಾದರೆ ತಲುಪುವುದು ಖಾತ್ರಿ. ಆದರೆ ಇವರು ಹತ್ತುವುದು ಖಾತ್ರಿಯಿಲ್ಲ.

ಕುಲುಕುವುದೆಲ್ಲ ಕೆಟ್ಟದ್ದೇನಲ್ಲ. ಛಂದಸ್ಸಿನಲ್ಲಿ ಬರೆದ ಪದ್ಯ ಓದುವಾಗ ಪಾದದ ಕೊನೆಯಲ್ಲಿ ತಟ್ಟನೆ ನಿಲ್ಲಬೇಕಾಗುತ್ತದೆ, ಆ ತಡೆ ನನಗೆ ಇಷ್ಟ. ಕ್ಲಾಸಿನಲ್ಲಿ ಇದಕ್ಕಾಗಿ ವಾದ ಮಾಡಿದ್ದೆ. ಅದನ್ನು ಇವರಿಗೆ ಹೇಳಿದರೆ, "ನಿನ್ನ ಪದ್ಯಕ್ಕೆ ಬೆನ್ನುಮೂಳೆ ಇಲ್ಲವಲ್ಲ, ಅದಕ್ಕೆ" ಎಂದರು. ಇಲ್ಲದೇ ಏನು? ಆದರೆ ವಾದಕ್ಕೆ ಕೂರಲು ಹೊತ್ತಿರಲಿಲ್ಲ. ಪಂಪಿನ ಫ್ಯೂಸು ಎಲ್ಲಿದೆಯೆಂದು ಕಾರಿನ ಪುಸ್ತಕದಲ್ಲಿ ಹುಡುಕಬೇಕಿತ್ತು. ಇನ್ನೂರ ನಾಲ್ಕನೇ ಪುಟ.

12 ಡಿಸೆಂಬರ್, ಶುಕ್ರವಾರ

ರಶ್ಮಿ ಎಕ್ಸ್‌ರೇ ನೋಡಿದಳು. ಸ್ಕ್ರೂಗಳು ಚೆನ್ನಾಗಿ ಕೂತಿವೆ. ಇವರು ಒಳಗೆ ವ್ಯಾಯಾಮ ಮಾಡುವಾಗ ಹೊರಗೆ ಕರೆದು ಹೇಳಿದಳು, "ಆಂಟಿ, ಮೂರು ತಿಂಗಳಾಯ್ತು. ಈಗ ಕುಲುಕಿದ್ರೆ ನೋವಾಗುತ್ತೆ, ಆದ್ರೆ ಏನೂ ಬಿಚ್ಕೊಳ್ಳಲ್ಲ. ಕೂತೇ ಇದ್ರೆ ಮಾತ್ರ ಕಾಲು ಬರಲ್ಲ. ಅಂಕಲ್‌ಗೆ ಭಯ."

"ಅವರಿಗಾ? ಭಯವಾ?"

"ನೀವೇ ನೋಡಿ, ಕಾಲಿಡೋಕೆ ಮುಂಚೆ ನೆಲ ನೋಡ್ತಾರೆ. ಬಿದ್ದ ದಿನಾನೇ ನೋಡ್ತಿರ್ತಾರೆ ಅನ್ಸುತ್ತೆ."

ಇಷ್ಟು ವರ್ಷ ಜೊತೆಗಿದ್ದೂ ನಾನು ನೋಡಿರಲಿಲ್ಲ. ಬರುವಾಗ ಕಣ್ಣ ತುದಿಯಿಂದ ನೋಡಿದೆ. ಕಣ್ಣು ಮುಚ್ಚಿ ತೇಲುತ್ತಿದ್ದರು.

30 ಡಿಸೆಂಬರ್, ಮಂಗಳವಾರ

ಇದನ್ನು ಬರೆದಿಡಬೇಕು. ಭೂತಯ್ಯ ಹೇಳಿದ ಹದಿನೈದು ದಿನ ಎಂದೋ ಕಳೆದಿತ್ತು, ಗಾಳಿಯೋ ಸ್ಪ್ರಿಂಗೋ ಇನ್ನೂ ತೀರ್ಮಾನವಾಗಿರಲಿಲ್ಲ. ತಪ್ಪು ನನ್ನದೂ ಹೌದು.

ಎರಡು ದಿನದಿಂದ ಮೋಡ. ಹಣ್ಣು ಸುಲಿದು ಒಣಗಿಸಿದ ಪಾರ್ಚ್‌ಮೆಂಟ್ ಕಾಫಿಯನ್ನು ಮೂಟೆ ಕಟ್ಟಿಟ್ಟು ಗೋಡೌನು ತುಂಬಿದೆ, ಬೀಜ ಬಿಡಿಸುವ ಕ್ಯೂರಿಂಗ್ ಕಾರ್ಖಾನೆಗೆ ಒಯ್ಯುವ ಲಾರಿ ಬರಲಿಲ್ಲ. ತೋಟದ ಲೆಕ್ಕ ಬರೆಯುವ ನಮ್ಮ ರೈಟರ್ ಚಿಕ್ಕಯ್ಯ ಬೆಳಿಗ್ಗೆ ಬಂದು, "ಅಮ್ಮಾವ್ರೆ, ಹೆಂಗೂ ಚಿಕ್ಕಮಗಳೂರಿಗೆ ಹೋಗ್ತೀರಿ. ಹಿಂದಿನ ಸೀಟು ಮಡಿಸಿದ್ರೆ ಕೋಣೆಯಷ್ಟು ಜಾಗ. ಒಂದಿಷ್ಟು ಮೂಟೆ ಕ್ಯೂರಿಂಗ್ ವರ್ಕ್ಸಿಗೆ ಇಳಿಸಿ ಹೋಗಿ" ಎಂದ. ಸರಿ ಎಂದೆ.

ನಮ್ಮ ಕಡೆ ಗಾಡಿಗೆ ಎಷ್ಟು ಭಾರ ಹಾಕಬಹುದೆಂದು ಯಾರೂ ತೂಗಿ ನೋಡುವುದಿಲ್ಲ. ಜೀಪಿನ ಹಿಂದೆ ಕುಕ್ಕರಗಾಲಲ್ಲಿ ಕೂತು ಸ್ಪ್ರಿಂಗಿನ ಪ್ಲೇಟುಗಳನ್ನು ನೋಡುತ್ತಾರೆ. ಬಿಲ್ಲಿನ ಹಾಗೆ ಬಾಗಿದ ಪ್ಲೇಟು ಭಾರ ಬಿದ್ದಂತೆ ನೆಟ್ಟಗಾಗುತ್ತ ಬರುತ್ತದೆ. ಪೂರ್ತಿ ನೆಟ್ಟಗಾದರೆ ಒಂದು ಮೂಟೆ ಇಳಿಸುವುದು. ಚಿಕ್ಕಯ್ಯನ ಅಪ್ಪನೂ ಹಾಗೇ ಮಾಡುತ್ತಿದ್ದ. ಚಿಕ್ಕಯ್ಯ ಇವತ್ತೂ ಹಾಗೇ ಮಾಡಿದ. ಎರಡು ಮೂಟೆ ಹಾಕಿ ಕೂತು ನೋಡಿದ. ಕಾರು ಸ್ವಲ್ಪ ಇಳಿಯಿತು, ಗುರ್ ಎಂದಿತು, ಮತ್ತೆ ಮೊದಲಿನ ಎತ್ತರಕ್ಕೇ ಬಂದು ನಿಂತಿತು. ಮತ್ತೆರಡು ಹಾಕಿದ. ಗುರ್, ಮತ್ತೆ ಅದೇ ಎತ್ತರ.

"ಏನೇನೂ ಕೂತಿಲ್ಲ ಅಮ್ಮಾವ್ರೆ! ಇದು ಜೀಪಿನ ಅಪ್ಪ!"

ನಾನೂ ಸೆರಗು ಸಿಕ್ಕಿಸಿಕೊಂಡು ಅವನ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ನೋಡಿದೆ. "ಕೂತಿಲ್ಲ, ಹಾಕು" ಎಂದವಳು ನಾನೇ. ಇವರೂ ಮುಂದಿನ ಸೀಟಿನಿಂದ, "ಹಾಕ್ರಯ್ಯ, ಇದರ ತಾಕತ್ತು ನಿಮಗೆ ಗೊತ್ತಿಲ್ಲ" ಎಂದರು. ಒಂಬತ್ತು ಮೂಟೆ. ಒಂದೊಂದು ನಲವತ್ತು ಕಿಲೋ.

ಕೊಟ್ಟಿಗೆಹಾರಕ್ಕೆ ಇನ್ನೂ ಆರೇಳು ಕಿಲೋಮೀಟರಿರುವಾಗ ರಬ್ಬರು ಸುಟ್ಟ ವಾಸನೆ. ಹಿಂದುಗಡೆ ಢಬ್ ಎಂದಿತು. ಹಿಂಭಾಗ ಟೈರುಗಳ ಮೇಲೇ ಕೂತುಬಿಟ್ಟಿತು, ಚಕ್ರ ತಿರುಗುವುದಿಲ್ಲ. ಸಿಗ್ನಲ್ಲಿಗಾಗಿ ತಿರುವಿನವರೆಗೆ ಓಡಿ ಭೂತಯ್ಯನಿಗೆ ಫೋನು ಮಾಡಿದೆ. ಭಾರ ಇಳಿಸಿ ಎಂದ. ಹೋಗುತ್ತಿದ್ದ ಇಬ್ಬರು ಕೂಲಿಯವರು ಕೈ ಕೊಟ್ಟರು. ಒಂಬತ್ತು ಮೂಟೆಯನ್ನೂ ರಸ್ತೆಯ ಪಕ್ಕ ಸಾಲಾಗಿ ಇಟ್ಟು, ನಾನೊಂದರ ಮೇಲೆ ಕೂತೆ. ಜೀಪಿನಲ್ಲಿ ಹೋಗುತ್ತಿದ್ದವನೊಬ್ಬ ತಲೆ ಹೊರಹಾಕಿ, "ಅಕ್ಕ, ಅಂಗಡಿ ಯಾವಾಗ ಇಟ್ರಿ?" ಎಂದ.

ಇವರು ಇಳಿಯಲಿಲ್ಲ.

"ರೀ, ಸ್ವಲ್ಪ ಇಳೀರಿ. ಗಾಡಿ ಹಗುರಾಗ್ಲಿ."

"ನನ್ನನ್ನೂ ಮೂಟೆ ಅಂದ್ಕೊಂಡ್ಯಾ?"

"ಮೂಟೆಯಾಗಿದ್ರೆ ಇಷ್ಟೊತ್ತಿಗೆ ಇಳಿಸಿರ್ತಿದ್ದೆ."

ಮೂರು ಗಂಟೆ ಹೊತ್ತು ಕಾದೆವು. ಭೂತಯ್ಯ ಬಂದು ಕೆಳಗೆ ತೂರಿ ನೋಡಿ, ಎದ್ದು, ಕೈ ಒರೆಸಿಕೊಂಡ. ಹಿಂದಿನ ಚೀಲ ಒಡೆದಿದೆ, ಪಂಪು ಸುಟ್ಟಿದೆ. "ಇದು ಭಾರ ತೋರಿಸಲ್ಲ ಅಮ್ಮಾವ್ರೆ. ನೀವು ಹಾಕ್ದಷ್ಟೂ ಗಾಳಿ ತುಂಬ್ಕೊಂಡು ಅಲ್ಲೇ ನಿಲ್ಲುತ್ತೆ. ಒಂದು ಮೂಟೆಗೂ ಅಷ್ಟೇ, ಒಂಬತ್ತಕ್ಕೂ ಅಷ್ಟೇ. ಆಮೇಲೆ ಒಂದೇ ಸಲ." ಚಕ್ರ ತಿರುಗುವಂತೆ ನಡುವೆ ಮರದ ತುಂಡು ತುರುಕಿ, ಮೂಟೆಗಳನ್ನು ತನ್ನ ಜೀಪಿಗೆ ಹೇರಿ, ಕಾರಿಗೆ ಹಗ್ಗ ಕಟ್ಟಿ ಎಳೆದುಕೊಂಡು ಹೋದ. ಇವರನ್ನು ಬಾಡಿಗೆ ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿ ಮನೆಗೆ ತಂದೆ.

ನೋಡಿದರೆ ತಿಳಿಯಬೇಕು, ತಿಳಿಯದಿದ್ದರೆ ಅದು ಎಂಥ ವಾಹನ? ಕಣ್ಣಳತೆಯನ್ನೇ ನಂಬಿ ಬದುಕುವ ನಮ್ಮಂಥವರ ಕೈಗೆ ಅದು ಬರಬಾರದಿತ್ತು. ಬಲಭುಜ ಒಂದು ವಾರದಿಂದ ಎತ್ತಲಾಗುತ್ತಿಲ್ಲ. ಯಾರಿಗೂ ಹೇಳಿಲ್ಲ. ಹೇಳುವಂಥದ್ದೇನೂ ಅಲ್ಲ.

31 ಡಿಸೆಂಬರ್, ಬುಧವಾರ

ಭಾವನ ಲೆಕ್ಕಾಚಾರದಂತೆ ಪಂಪು ಮತ್ತು ನಾಲ್ಕು ಚೀಲ ಬರಲು ಆರು ವಾರ. ಫೆಬ್ರವರಿ ಅರ್ಧ ಕಳೆದಿರುತ್ತದೆ. ಇವರು, "ಕಾಯೋಣ. ಅಲ್ಲೀವರೆಗೆ ಮನೇಲೇ ವ್ಯಾಯಾಮ ಮಾಡ್ತೀನಿ" ಎಂದರು. ಮಾಡುವುದಿಲ್ಲ. ನನಗೂ ಗೊತ್ತು, ಅವರಿಗೂ ಗೊತ್ತು.

ಮಧ್ಯಾಹ್ನ ಭೂತಯ್ಯನಿಗೆ ಫೋನು ಮಾಡಿದೆ. "ಸ್ಪ್ರಿಂಗ್ ಹಾಕಿಬಿಡಿ."

"ಸಾವ್ಕಾರ್ರು ಒಪ್ಪಿದ್ರಾ?"

"ಓಡಿಸೋಳು ನಾನು."

ರಶ್ಮಿ ಇಪ್ಪತ್ತಾರರ ಹುಡುಗಿ. ಅವಳ ಮಾತು ತಪ್ಪಾಗಿ ಇವರ ಬೆನ್ನಿಗೇನಾದರೂ ಆದರೆ, ಹೊಣೆ ಅವಳದಲ್ಲ, ಭೂತಯ್ಯನದಲ್ಲ. ಆಮೇಲೆ ಒಳಗೆ ಹೋಗಿ ಇವರಿಗೆ ಹೇಳಿದೆ. ಇವರು ಗೋಡೆಯ ಕಡೆ ತಿರುಗಿ ಮಲಗಿದರು.

6 ಜನವರಿ 2009, ಮಂಗಳವಾರ

ಕಾರು ಬಂತು. ಮೊದಲಿಗಿಂತ ನಾಲ್ಕು ಬೆರಳು ಎತ್ತರ. ಇವರು ಬಾಗಿಲಲ್ಲಿ ನಿಂತು ನೋಡಿ, "ಕೊಂದ್ಬಿಟ್ಟೆ ಅದನ್ನ" ಎಂದರು.

7 ಜನವರಿ

ಮಾತಿಲ್ಲ. ರೊಟ್ಟಿ ಮಾತ್ರ ಎಂದಿಗಿಂತ ಒಂದು ಹೆಚ್ಚು ತಿಂದರು.

9 ಜನವರಿ, ಶುಕ್ರವಾರ

ಇಂಥ ಪ್ರಯಾಣ ಶತ್ರುವಿಗೂ ಬೇಡ. ಕಳಸ ದಾಟುವಷ್ಟರಲ್ಲೇ ಶುರುವಾಯಿತು. "ಅಯ್ಯೋ! ನೋಡ್ಕೊಂಡು! ಬಲಕ್ಕೆ! ಅದು ಗುಂಡಿ ಕಾಣಲ್ವ ನಿಂಗೆ?" ಕಾಣುತ್ತದೆ. ಗುಂಡಿ ತಪ್ಪಿಸಿ ಹೋಗಲು ಉಳಿದ ರಸ್ತೆ ಎಲ್ಲಿದೆ ಎಂಬುದು ಕಾಣುವುದಿಲ್ಲ. ಹತ್ತರ ವೇಗದಲ್ಲಿ ಹೋದರೂ ಪ್ರತಿ ಕಲ್ಲೂ ಸೀಟಿಗೆ ಬಂದು ತನ್ನ ಹೆಸರು ಹೇಳುತ್ತದೆ.

ಜಾವಳಿ ಆಚೆಯ ಆ ಮಹಾ ಗುಂಡಿಗಳು ಬಂದವು. ಇನ್ನೂರು ಗಜ ರಸ್ತೆಯೇ ಇಲ್ಲ. ಮೊದಲನೆಯದಕ್ಕೆ ಇಳಿದು ಎದ್ದೆವು. ಇವರು ಜೋರಾಗಿ ಕೂಗಿಕೊಂಡರು.

"ನಿಲ್ಲಿಸು! ನಿಲ್ಲಿಸು ಅಂದ್ನಲ್ಲ!"

ನಿಲ್ಲಿಸಿದೆ. ಆಯಿತು, ಏನೋ ಆಗಿಹೋಯಿತು ಎಂದುಕೊಂಡೆ. ಇವರು ಬಾಗಿಲು ತೆಗೆದು, ವಾಕರ್ ಬಿಟ್ಟು ಈಚೆಗೆ ಹಿಡಿದ ಕೋಲನ್ನು ಹೊರಗಿಟ್ಟು, ಇಳಿದರು.

"ನೀನು ಒಬ್ಳೇ ಕುಲುಕಿಸ್ಕೊಂಡು ಹೋಗು. ನಾನು ನಡೀತೀನಿ."

"ಬೀಳ್ತೀರಿ."

"ಇದರೊಳಗೆ ಸಾಯೋದಕ್ಕಿಂತ ಬೀಳೋದೇ ವಾಸಿ."

ಇಳಿದು ಕೈ ಹಿಡಿಯಲು ಹೋದರೆ ಕೋಲು ಎತ್ತಿ ತೋರಿಸಿದರು. ವಾಪಸು ಹತ್ತಿದೆ. ನಾನು ಕಾರನ್ನು ಗುಂಡಿಯಿಂದ ಗುಂಡಿಗೆ ಇಳಿಸಿ ಹತ್ತಿಸಿ ಆಚೆ ತಲುಪಿ, ಕನ್ನಡಿಯಲ್ಲಿ ನೋಡುತ್ತ ಕೂತೆ. ರಸ್ತೆಯ ಅಂಚಿನಲ್ಲಿ ಬರುತ್ತಿದ್ದರು. ಪ್ರತಿ ಹೆಜ್ಜೆಗೂ ನಿಂತು, ಬಾಯಲ್ಲಿ ಏನೋ ಗೊಣಗುತ್ತ. ಬೈದದ್ದು ನನ್ನನ್ನೇ. ಇಪ್ಪತ್ತು ನಿಮಿಷ. ಬಂದು ಕೂತು, ಬೆವರು ಒರೆಸಿಕೊಂಡು, "ಭೂತಯ್ಯಂಗೆ ಹೇಳು, ಅವನ ಕೈ ಕಡಿದು ಹೋಗ್ಲಿ ಅಂತ" ಎಂದರು.

ಮುಂದೆ ಇನ್ನೂ ಎರಡು ಕಡೆ ಹಾಗೇ ಇಳಿದರು. ಥೆರಪಿಗೆ ಒಂದೂವರೆ ಗಂಟೆ ತಡ.

20 ಜನವರಿ, ಮಂಗಳವಾರ

ಇವರು ಈಗ ರಸ್ತೆಗೆ ಯಜಮಾನರು. ಎಲ್ಲೆಲ್ಲಿ ಇಳಿಯಬೇಕೆಂದು ಮುಂಚೆಯೇ ಹೇಳುತ್ತಾರೆ. "ಆ ಮೋರಿ ಹತ್ರ ನಿಲ್ಲಿಸು. ಅಲ್ಲಲ್ಲ, ಮುಂದೆ. ಡ್ರೈವಿಂಗ್ ಕಲಿಸಿದವನ್ಯಾರು ನಿಂಗೆ?" ಹೋಗುವಾಗ ಐದು ಕಡೆ, ಬರುವಾಗ ಐದು ಕಡೆ. ಆರಕ್ಕೇ ಮನೆ ಬಿಡಬೇಕು. ಒಂದೊಂದು ಕಡೆ ಕಾಯುವಾಗ ಓದೋಣವೆಂದು ಆ ಕವಿತೆಯ ಪುಸ್ತಕ ಇಟ್ಟುಕೊಂಡಿದ್ದೆ, ಸೀಟಿನ ಕೆಳಗೆ ಜಾರಿ ಹೋಗಿದೆ. ತೆಗೆಯಬೇಕು. ಇವತ್ತು ಕಾಯುವಾಗ ಮುಂದಿನ ಎಡಚಕ್ರದ ನಟ್ಟುಗಳನ್ನು ಬಿಗಿ ಮಾಡಿದೆ. ಸಣ್ಣಗೆ ಟಿಕ್ ಟಿಕ್ ಎನ್ನುತ್ತಿತ್ತು, ನಿಂತಿತು.

ಮೂರನೆಯ ಕಡೆ ಇವರನ್ನು ಕಾಯುತ್ತ ನಿಂತ ನನ್ನನ್ನು ಕಂಡು ಬಸ್ಸಿನ ಕಂಡಕ್ಟರ್, "ಯಜಮಾನ್ರು ಹರಕೆ ಹೊತ್ತಿದಾರಾ ಅಮ್ಮ?" ಎಂದ. ಹೌದು ಎಂದೆ. ಇನ್ನೇನು ಹೇಳಲಿ?

ರಶ್ಮಿ ಚಪ್ಪಲಿಯ ತುದಿ ತಿರುಗಿಸಿ ನೋಡಿದಳು. "ಹೊಸದಾ ಅಂಕಲ್?" ಹೊಸದಲ್ಲ. ಹದಿನೈದು ದಿನದ್ದು, ಇನ್ನೂ ಸವೆದಿಲ್ಲ. ಅವಳು ನನ್ನ ಕಡೆ ನೋಡಿದಳು. ನಾನು ಗಡಿಯಾರ ನೋಡುತ್ತಿದ್ದೆ.

30 ಜನವರಿ, ಶುಕ್ರವಾರ

ಅರೇಬಿಕಾ ಕೊಯ್ಲು ಮುಗಿಯಿತು. ಚಿಕ್ಕಯ್ಯ ಬಂದು, ಇನ್ನು ಜೀಪಿನ ಡ್ರೈವರನ್ನೇ ಕಳಿಸುತ್ತೇನೆ, ನೀವು ಆರಾಮಾಗಿರಿ ಅಮ್ಮಾವ್ರೆ ಎಂದ. ಎಂಥ ಮಾತು! ಜೀಪಿನಲ್ಲಿ ಗುದ್ದಾಡುವವನಿಗೆ ನನ್ನ ಕಾರಿನ ಬ್ರೇಕು ಹೇಗೆ ತಿಳಿಯಬೇಕು? ಇಳಿಜಾರಿನಲ್ಲಿ ಅರ್ಧ ಒತ್ತಿ ಬಿಡಬೇಕು, ಪೂರ್ತಿ ಒತ್ತಿದರೆ ಮುಗ್ಗರಿಸುತ್ತದೆ. ಬೇಡ ಎಂದೆ. ಚಿಕ್ಕಯ್ಯ ಇವರ ಮುಖ ನೋಡಿದ. ಇವರು, "ನನ್ನನ್ಯಾಕೆ ನೋಡ್ತೀಯ? ಅವಳನ್ನ ಕೇಳು" ಎಂದರು.

ಭುಜಕ್ಕೆ ಎಣ್ಣೆ ಹಚ್ಚಬೇಕು. ಇವರೇ ಕೇಳಿದರು, ಯಾಕೆ ಕೈ ಹಾಗೆ ಹಿಡಿದಿದ್ದೀಯ ಎಂದು. ಗುಂಡಿ ತಪ್ಪಿಸಿ ತಪ್ಪಿಸಿ ಎಂದೆ. ನನಗೆ ರೇಗಿತು.

6 ಫೆಬ್ರವರಿ, ಶುಕ್ರವಾರ

ಬರುವ ವಾರ ಮಂಗಳೂರಿನ ಡಾಕ್ಟರು ನೋಡುತ್ತಾರೆ. ಅದಕ್ಕೆ ಮುಂಚಿನ ಕೊನೆಯ ಥೆರಪಿ ಇವತ್ತು, ಸರಿಯಾಗಿ ಹನ್ನೊಂದಕ್ಕೆ ಬನ್ನಿ, ಕಾಲಿನ ಅಳತೆಗಳನ್ನೆಲ್ಲ ಬರೆದು ಕೊಡಬೇಕು ಎಂದು ರಶ್ಮಿ ಎರಡು ಸಲ ಹೇಳಿದ್ದಳು. ಐದೂವರೆಗೇ ಹೊರಟೆವು.

ಜಾವಳಿ ದಾಟಿದರೆ ಆಶ್ಚರ್ಯ. ಆ ಇನ್ನೂರು ಗಜವನ್ನೂ ಸೇರಿಸಿ ಆಚೆ ತಿರುವಿನವರೆಗೆ ಹೊಸ ಡಾಂಬರು ಹಾಕಿದ್ದಾರೆ. ಎರಡು ದಿನದ್ದಿರಬೇಕು, ಇನ್ನೂ ವಾಸನೆ. ಕಾರು ಸದ್ದಿಲ್ಲದೆ ಹೋಯಿತು. ಸದ್ಯ ಇವತ್ತು ಹೊತ್ತಿಗೆ ಸರಿಯಾಗಿ ತಲುಪುತ್ತೇವೆ ಎಂದುಕೊಂಡೆ.

"ನಿಲ್ಲಿಸು."

"ಗುಂಡಿ ಇಲ್ಲ ಕಣ್ರೀ. ನೋಡಿ, ರಸ್ತೆ ಮಾಡಿದಾರೆ."

"ಕಾಣುತ್ತೆ. ನಿಲ್ಲಿಸು."

ಇಳಿದರು. ಕೋಲು ಸೀಟಿನ ಮೇಲೇ ಬಿಟ್ಟಿದ್ದರು. ಕೂಗಿ ಹೇಳಿದೆ, ತಿರುಗಿ ನೋಡಲಿಲ್ಲ. ನಾನು ತಿರುವಿನವರೆಗೆ ಹೋಗಿ ನಿಲ್ಲಿಸಿ ಎಂದಿನಂತೆ ಕಾದೆ. ಬಂದರು. ಎಡಗಾಲು ಎತ್ತಿ ಇಡುತ್ತಿದ್ದರು, ನೆಲ ನೋಡುತ್ತಿರಲಿಲ್ಲ, ಆಚೆ ಬೆಟ್ಟದ ಮೇಲೆ ಏನೋ ನೋಡುತ್ತಿದ್ದರು. ಬಾಗಿಲು ತೆಗೆದು ಹಿಡಿದಿದ್ದೆ. ಕಾರಿನ ಪಕ್ಕದಲ್ಲೇ ಹಾದು ಮುಂದೆ ಹೋದರು.

"ರೀ! ಹತ್ತಿ! ಹನ್ನೊಂದಕ್ಕೆ ಹೇಳಿದಾಳೆ!"

ಕೈಯನ್ನು ಹಿಂದಕ್ಕೆ ಬೀಸಿದರು, ಬಾ ಎಂದೋ ಹೋಗು ಎಂದೋ ತಿಳಿಯಲಿಲ್ಲ. ಎದುರಿಗೆ ಬಂದ ಹಾಲಿನ ಗಾಡಿಯವನು ಇವರಿಗಾಗಿ ಪಕ್ಕಕ್ಕೆ ಸರಿದ. ಹಿಂದೆ ಬಸ್ಸು ಬಂದು ಹಾರ್ನು ಹೊಡೆಯಿತು. ನಾನು ರಸ್ತೆಯ ಮಧ್ಯದಲ್ಲಿ ಬಾಗಿಲು ತೆರೆದುಕೊಂಡು, ಬ್ರೇಕಿನ ಮೇಲೆ ಕಾಲಿಟ್ಟುಕೊಂಡು, ಏನು ಮಾಡಬೇಕೋ ತಿಳಿಯದೆ ಸಿಟ್ಟಿನಲ್ಲಿ ರಶ್ಮಿಗೆ ಫೋನು ಮಾಡಿದೆ. ಪುಣ್ಯಕ್ಕೆ ಸಿಗ್ನಲ್ ಇತ್ತು.

"ಇವತ್ತು ತಡವಾಗುತ್ತಮ್ಮ."

"ಎಷ್ಟು ತಡ ಆಂಟಿ?"

"ನಾನು ಹೇಗೆ ಹೇಳಲಿ? ಅವರು ಮುಂದೆ ಹೋಗಿಬಿಟ್ಟಿದಾರೆ."